ಬಾಲ ಎತ್ತಿದ ಕರಿಹಕ್ಕಿ

ಶಿರಾ ತಾಲ್ಲೂಕಿನ ಮದಲೂರು. ದೊಡ್ಡ ಕೆರೆ ಇರೋ ಊರು. ಕೆರೆ ಬಿಟ್ಟು ಸ್ವಲ್ಪ ಈಚೆ, ಜಾಲಿ ಪೊದೆ, ಕಲ್ಲುಗುಡ್ಡೆ ಇರೋ ಕಡೆ ನೋಡಿ. ಬಂಡೆ ಮೇಲೆ ಬಾಲ ನೆಟ್ಟಗೆ ಎತ್ತಿ ನಿಂತ ಪುಟ್ಟ ಕರಿಹಕ್ಕಿ ಕಂಡ್ರೆ, ಅದೇ ಇಂಡಿಯನ್ ರಾಬಿನ್.

ಗಂಡು ಮಿರಮಿರ ಕಪ್ಪು, ಹೆಗಲಲ್ಲಿ ಬಿಳಿ ಮಚ್ಚೆ. ಬಾಲದ ಬುಡದಡಿ ಇಟ್ಟಿಗೆ ಕೆಂಪು. ಹೆಣ್ಣು ಮಾಸಲು ಕಂದು, ಆದ್ರೆ ಆ ಕೆಂಪು ಅದಕ್ಕೂ ಇದೆ. ಉತ್ತರ ಭಾರತದ ಗಂಡಿಗೆ ಬೆನ್ನು ಕಂದು; ನಮ್ಮ ಕಡೇದು ಬೆನ್ನೂ ಕಪ್ಪೇ. 1766ರಲ್ಲಿ ವಿಜ್ಞಾನಿ ಲಿನೇಯಸ್ ಈ ಹಕ್ಕಿಗೆ ವೈಜ್ಞಾನಿಕ ಹೆಸರಿಟ್ಟ.

ಊಟ? ನೆಲದಲ್ಲಿ ಕುಪ್ಪಳಿಸ್ತಾ ಹಿಡಿಯೋ ಇರುವೆ, ಗೆದ್ದಲು, ಜೀರುಂಡೆ. ಕತ್ತಲಾದ್ರೂ ಬಿಡಲ್ಲ, ದೀಪಕ್ಕೆ ಬಂದ ಹುಳಾನೂ ಹಿಡಿಯುತ್ತೆ.

ಗೂಡು ಕಲ್ಲುಸಂದಿನಲ್ಲಿ, ಗೋಡೆ ತೂತಿನಲ್ಲಿ. ಒಳಗೆ ಹುಲ್ಲು, ಕೂದಲು, ಕೆಲವು ಸಲ ಹಾವಿನ ಪೊರೆ! ಕಾವು ಕೊಡೋದು ಹೆಣ್ಣು ಮಾತ್ರ. ಗೂಡು ಕಟ್ಟೋ ಕಾಲದಲ್ಲಿ ಗಂಡಿನ ಜಗಳ ನೋಡಬೇಕು: ಕನ್ನಡಿಯಲ್ಲಿ ಕಂಡ ತನ್ನನ್ನೇ ಕುಕ್ಕುತ್ತೆ.

ದಟ್ಟ ಕಾಡು, ಜಡಿಮಳೆ ಇದಕ್ಕೆ ಆಗಿಬರಲ್ಲ. ಮಧುಗಿರಿ, ಪಾವಗಡ, ಕೊರಟಗೆರೆಯ ಒಣ ಕುರುಚಲೇ ಇದರ ಮನೆ. ಅದನ್ನ ನಾವು ಖರಾಬು ಜಮೀನು ಅಂತೀವಿ, ಅದೇ ತಮಾಷೆ.

ಹೊಲದ ಬದುವಿನ ಕಲ್ಲುಗುಡ್ಡೆ, ಬೇಲಿ ಪೊದೆ ಈ ಹಕ್ಕಿಗಾಗಿ ಹಾಗೇ ಇರಲಿ. ಬೇಸಿಗೆಯಲ್ಲಿ ಅಲ್ಲಿ ಬೆಂಕಿ ಇಡಬೇಡಿ.