ಕತ್ತಲೆಯ ರಸ್ತೆಯಲ್ಲಿ ಕಪ್ಪು ಬುರ್ಖಾ

ಇಶಾ ನಮಾಝಿನ ಬಳಿಕ ಮದುವೆ ಮನೆಗೋ ಮಯ್ಯಿತ್ ಮನೆಗೋ ಹೊರಟ ಮಹಿಳೆಯರು ಹೆದ್ದಾರಿಯ ಅಂಚಿನಲ್ಲಿ ನಡೆದು ಹೋಗುವುದು ನಮ್ಮ ಕರಾವಳಿಯಲ್ಲಿ ದಿನನಿತ್ಯದ ನೋಟ. ದೂರದಲ್ಲಿ ಲಾರಿಯ ಬೆಳಕು ಕಾಣುತ್ತದೆ. ನಮಗೆ ಲಾರಿ ಅಷ್ಟು ಸ್ಪಷ್ಟವಾಗಿ ಕಾಣುವಾಗ ಅದರ ಚಾಲಕನಿಗೆ ನಾವು ಕಾಣದಿರುತ್ತೇವೆಯೇ ಎಂದು ಮನಸ್ಸು ಧೈರ್ಯ ಹೇಳುತ್ತದೆ. ಸಹೋದರಿಯರೇ, ಈ ಧೈರ್ಯವೇ ಅಪಾಯಕಾರಿ.

ದೀಪ ಇರುವುದು ಲಾರಿಯಲ್ಲಿ, ನಮ್ಮಲ್ಲಲ್ಲ. ಅದರ ಬೆಳಕು ನಮ್ಮ ಮೈಮೇಲೆ ಬಿದ್ದು ಮರಳಿ ಚಾಲಕನ ಕಣ್ಣಿಗೆ ಹೋದರೆ ಮಾತ್ರ ನಾವು ಅವನಿಗೆ ಕಾಣುತ್ತೇವೆ. ಕಪ್ಪು ಬಟ್ಟೆ ಬೆಳಕನ್ನು ನುಂಗಿ ಬಿಡುತ್ತದೆ. ಹೆಡ್‌ಲೈಟನ್ನು ಡಿಪ್ ಮಾಡಿರುವಾಗ ಕಪ್ಪು ಉಡುಪಿನವರು ಸುಮಾರು 30 ಮೀಟರ್ ಹತ್ತಿರ ಬರುವವರೆಗೆ ಕಣ್ಣಿಗೆ ಬೀಳದಿರುವುದುಂಟು. ಈಗ ಲೆಕ್ಕ ಹಾಕಿ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಂಡದ್ದು ಮನುಷ್ಯರೆಂದು ತಿಳಿದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೂ 25 ಮೀಟರ್ ಕಳೆಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ ಸುಮಾರು 20 ಮೀಟರ್ ಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಚಾಲಕ ಕುಡಿದಿರಬೇಕೆಂದಿಲ್ಲ, ಅಜಾಗರೂಕನಾಗಿರಬೇಕೆಂದೂ ಇಲ್ಲ. ಎದುರಿನಿಂದ ಇನ್ನೊಂದು ವಾಹನದ ಬೆಳಕು ಕಣ್ಣಿಗೆ ಹೊಡೆದರಂತೂ ಅವನಿಗೆ ಆ 30 ಮೀಟರ್ ಕೂಡಾ ಸಿಗುವುದಿಲ್ಲ.

ಕೇಂದ್ರ ಸರಕಾರದ ಅಂಕಿ ಅಂಶಗಳ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಸುಮಾರು ಐವರಲ್ಲಿ ಒಬ್ಬರು.

ಇದನ್ನು ಬುರ್ಖಾದ ವಿರುದ್ಧದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಕಪ್ಪು ಪ್ಯಾಂಟ್ ತೊಟ್ಟು ಕಪ್ಪು ಕೊಡೆ ಹಿಡಿದ ಗಂಡಸಿನ ಸ್ಥಿತಿಯೂ ಇದೇ. ಹಿಂಬದಿಯ ಕೆಂಪು ರಿಫ್ಲೆಕ್ಟರ್ ಒಡೆದು ಹೋದ ಸೈಕಲಿನ ಹುಡುಗನದ್ದೂ ಇದೇ. ಬುರ್ಖಾ ಬದಲಿಸಬೇಕಾಗಿಲ್ಲ, ಅದಕ್ಕೆ ಒಂದು ಪಟ್ಟಿ ಹೊಲಿದರೆ ಸಾಕು.

ಗಲ್ಫ್‌ನಲ್ಲಿ ಕಟ್ಟಡದ ಕೆಲಸ ಮಾಡುವ ಗಂಡನ ಅಥವಾ ಸಹೋದರನ ಫೋಟೋ ನೋಡಿದ್ದೀರಲ್ಲ? ಅವರ ಜಾಕೆಟಿನ ಮೇಲೆ ಬೂದು ಬಣ್ಣದ ಪಟ್ಟಿಗಳಿರುತ್ತವೆ. ಅದೇ ರಿಫ್ಲೆಕ್ಟರ್ ಪಟ್ಟಿ. ಅದರಲ್ಲಿ ಸಾಮಾನ್ಯವಾಗಿ ಅತಿ ಸಣ್ಣ ಗಾಜಿನ ಮಣಿಗಳಿರುತ್ತವೆ. ಅವು ಬೆಳಕನ್ನು ಎಲ್ಲೆಡೆ ಚೆಲ್ಲದೆ ಬಂದ ದಾರಿಯಲ್ಲೇ ಮರಳಿ ಕಳುಹಿಸುತ್ತವೆ. ಹಾಗಾಗಿ ಚಾಲಕನಿಗೆ ನೂರು ಮೀಟರಿಗೂ ಹೆಚ್ಚು ದೂರದಿಂದ ಹೊಳೆದು ಕಾಣುತ್ತದೆ. ದುಡಿಯುವ ಸ್ಥಳದಲ್ಲಿ ಗಂಡನಿಗೆ ಈ ರಕ್ಷಣೆ ಇದೆ, ಊರಿನಲ್ಲಿ ಹೆಂಡತಿ ಮಕ್ಕಳಿಗೆ ಇಲ್ಲ. ಫಿನ್‌ಲ್ಯಾಂಡ್‌ನಲ್ಲಿ ಚಳಿಗಾಲದ ರಾತ್ರಿ ಬಹಳ ದೀರ್ಘ. ಅಲ್ಲಿ ಕತ್ತಲಲ್ಲಿ ನಡೆಯುವವರು ರಿಫ್ಲೆಕ್ಟರ್ ಧರಿಸಬೇಕೆಂದು ಹಿಂದೆ ಕಾನೂನೇ ಇತ್ತು.

ಹೊಳೆಯುವ ಪಟ್ಟಿ ಅಲಂಕಾರವಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಹಗಲಲ್ಲಿ ಅದು ಬರೇ ಬೂದು ಪಟ್ಟಿ. ರಾತ್ರಿಯಲ್ಲೂ ಪಕ್ಕದಲ್ಲಿ ನಿಂತವರಿಗೆ ಹೊಳೆಯುವುದಿಲ್ಲ, ಹೆಡ್‌ಲೈಟಿನ ಹಿಂದೆ ಕೂತವನಿಗೆ ಮಾತ್ರ ಹೊಳೆಯುತ್ತದೆ. ಪರ್ದಾ ಇರುವುದು ಲಾರಿಯಿಂದ ಅಡಗಿಕೊಳ್ಳಲಿಕ್ಕಲ್ಲ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಪ್ರವಾದಿಯವರು(ಸ) ಈಮಾನಿನ ಶಾಖೆಗಳಲ್ಲಿ ಎಣಿಸಿದ್ದಾರೆ. ಕತ್ತಲಲ್ಲಿ ಮಸೀದಿಗೆ ನಡೆದು ಬರುವವರಿಗೆ ಅಂತ್ಯ ದಿನದಲ್ಲಿ ಪೂರ್ಣ ಪ್ರಕಾಶವಿದೆಯೆಂಬ ಸುವಾರ್ತೆಯೂ ಹದೀಸ್‌ನಲ್ಲಿದೆ. ಆದರೆ ಇಲ್ಲಿನ ರಸ್ತೆಯ ಬೆಳಕಿನ ವ್ಯವಸ್ಥೆ ನಾವೇ ಮಾಡಿಕೊಳ್ಳಬೇಕು.

ಪಟ್ಟಿಯನ್ನು ಎಲ್ಲಿ ಹೊಲಿಯಬೇಕೆಂಬುದೂ ಮುಖ್ಯ. ಬೆನ್ನಿನ ಮೇಲೆ ಒಂದು ಚುಕ್ಕೆ ಹೊಳೆದರೆ ಚಾಲಕ ಅದನ್ನು ರಸ್ತೆ ಬದಿಯ ಕಂಬವೆಂದು ತಿಳಿಯಬಹುದು. ಕೈಕಾಲು ಆಡುವ ಜಾಗದಲ್ಲಿದ್ದರೆ ಇದು ಮನುಷ್ಯರ ನಡಿಗೆಯೆಂದು ಕಣ್ಣು ತಕ್ಷಣ ಗುರುತಿಸುತ್ತದೆ. ಆದ್ದರಿಂದ ತೋಳಿನ ತುದಿ ಮತ್ತು ಬುರ್ಖಾದ ಕೆಳ ಅಂಚಿನ ಸುತ್ತ ಹೊಲಿಯಿರಿ. ಸೈಕಲಿಗಾದರೆ ಹಿಂದಿನ ಕೆಂಪು ರಿಫ್ಲೆಕ್ಟರಿನ ಜೊತೆ ಪೆಡಲಿನ ರಿಫ್ಲೆಕ್ಟರೂ ಇರಲಿ, ಮುಂದೆ ದೀಪವಿರಲಿ. ಮೊಬೈಲ್ ಟಾರ್ಚನ್ನು ನೆಲಕ್ಕೆ ಹಿಡಿಯಬೇಕು, ಚಾಲಕನ ಮುಖಕ್ಕಲ್ಲ. ಫುಟ್‌ಪಾತ್ ಇಲ್ಲದಲ್ಲಿ ಬಲಬದಿಯಲ್ಲಿ, ಎದುರಿನ ವಾಹನಗಳನ್ನು ನೋಡುತ್ತಾ, ಒಬ್ಬರ ಹಿಂದೆ ಒಬ್ಬರಾಗಿ ನಡೆಯುವುದು ಒಳ್ಳೆಯದು.

ಮಕ್ಕಳ ವಿಷಯ ಇನ್ನೂ ಗಂಭೀರ. ಡಿಸೆಂಬರ್ ಕೊನೆಯಲ್ಲಿ ಮಂಗಳೂರಿನಲ್ಲಿ ಸೂರ್ಯೋದಯವಾಗುವಾಗ ಗಂಟೆ ಆರೂ ಮುಕ್ಕಾಲು ದಾಟಿರುತ್ತದೆ. ಅದಕ್ಕೆ ಮೊದಲೇ ಮದ್ರಸಕ್ಕೆ ಹೊರಟ ಪುಟ್ಟ ಮಕ್ಕಳು ಮಂಜಿನಲ್ಲಿ ರಸ್ತೆ ದಾಟುತ್ತಿರುತ್ತಾರೆ. ಅವರ ಎತ್ತರವೂ ಕಡಿಮೆ, ವಾಹನದ ವೇಗದ ಅಂದಾಜೂ ಅವರಿಗಿಲ್ಲ. ಚೀಲದ ಹಿಂಭಾಗ ಮತ್ತು ಅದರ ಎರಡೂ ಪಟ್ಟಿಗಳ ಮೇಲೆ ರಿಫ್ಲೆಕ್ಟರ್ ಹೊಲಿಯಲು ಅರ್ಧ ಗಂಟೆ ಸಾಕು. ಬೀದಿ ದೀಪ ಉರಿಯದಿದ್ದರೆ ಗ್ರಾಮ ಪಂಚಾಯತಿಗೆ ತಾಯಂದಿರೇ ಸೇರಿ ಅರ್ಜಿ ಕೊಡಬಹುದು. ಮದ್ರಸದ ಆಡಳಿತ ಸಮಿತಿಯವರು ಹೊಸ ವರ್ಷದ ಕಿತಾಬುಗಳ ಜೊತೆ ಈ ಪಟ್ಟಿಯನ್ನೂ ತರಿಸಿ ಕೊಟ್ಟರೆ ದೊಡ್ಡ ಖರ್ಚೇನೂ ಆಗದು.

ಕೆಸರು ಹಿಡಿದರೆ ಪಟ್ಟಿ ಹೊಳೆಯುವುದಿಲ್ಲ, ಪದೇ ಪದೇ ಒಗೆದರೂ ಮಂಕಾಗುತ್ತದೆ. ಪರೀಕ್ಷಿಸುವುದು ಸುಲಭ. ರಾತ್ರಿ ಬುರ್ಖಾವನ್ನು ಅಂಗಳದ ಆಚೆ ತೂಗು ಹಾಕಿ, ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದು ನೋಡಿ. ಹೊಳೆಯದಿದ್ದರೆ ಬಿಚ್ಚಿ ಹೊಸತು ಹಾಕಿ.