ಉಸಿರಿನ ದಾರಿ ಹಿಡಿದ ಮ್ಯಾಂಗನೀಸ್

ಸಂಡೂರಿನ ಗುಡ್ಡ ಎಂದರೆ ಕೆಂಪು ಮಣ್ಣು, ಕೆಂಪು ಧೂಳು, ಅದಿರಿನ ಲಾರಿಗಳ ಸಾಲು ಎಂಬುದೇ ನಮ್ಮ ನೆನಪು. ದೇವಗಿರಿ, ಕಮ್ಮತ್ತೂರು, ಸುಬ್ಬರಾಯನಹಳ್ಳಿ, ರಾಮಗಡದ ಕಡೆಯವರಿಗೆ ಇನ್ನೊಂದು ಬಣ್ಣವೂ ಗೊತ್ತು. ಮುಟ್ಟಿದರೆ ಬೆರಳಿಗೆ ಮಸಿ ಹತ್ತಿಸುವ ಕಪ್ಪು ಅದಿರು, ಮ್ಯಾಂಗನೀಸ್. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗಲೂ, ಆಮೇಲೆ ಮತ್ತೆ ಶುರುವಾದಾಗಲೂ ಚರ್ಚೆಯೆಲ್ಲ ಕಬ್ಬಿಣದ ಸುತ್ತಲೇ ನಡೆಯಿತು. ಮ್ಯಾಂಗನೀಸನ್ನು ಈ ಕಣಿವೆಯಲ್ಲಿ ಸಂಸ್ಥಾನದ ಕಾಲದಿಂದ, ಅಂದರೆ ನೂರು ವರ್ಷಕ್ಕೂ ಹಿಂದಿನಿಂದ ಅಗೆಯುತ್ತಿದ್ದಾರೆ. ಹೊಸಪೇಟೆಯ ಪಕ್ಕದ ವ್ಯಾಸನಕೆರೆಯಲ್ಲಿ ವಿದ್ಯುತ್ ಕುಲುಮೆಗಳು ಈ ಅದಿರನ್ನು ಕರಗಿಸಿ ಮಿಶ್ರಲೋಹ ಮಾಡುತ್ತವೆ. ಮ್ಯಾಂಗನೀಸ್ ಇಲ್ಲದೆ ಉಕ್ಕು ತಯಾರಾಗುವುದಿಲ್ಲ, ಆದ್ದರಿಂದ ಬೇಡಿಕೆ ಇಳಿಯುವ ಲಕ್ಷಣವೂ ಇಲ್ಲ.

ಇದು ವಿಷವೇ? ಅಲ್ಲ. ಇದಿಲ್ಲದೆ ನಾವು ಬದುಕುವುದೇ ಇಲ್ಲ. ಜೀವಕೋಶಗಳ ಮೈಟೊಕಾಂಡ್ರಿಯದಲ್ಲಿ ಶಕ್ತಿಯ ಜೊತೆಗೇ ಹುಟ್ಟುವ ಅಪಾಯಕಾರಿ ಆಮ್ಲಜನಕದ ಕಣಗಳನ್ನು ಅಡಗಿಸುವ ಕಿಣ್ವಕ್ಕೆ ಮ್ಯಾಂಗನೀಸ್ ಬೇಕು. ಮಿದುಳಿನಲ್ಲಿ ಗ್ಲುಟಮೇಟ್ ಮಿತಿ ಮೀರದಂತೆ ನೋಡಿಕೊಳ್ಳುವ ಕಿಣ್ವಕ್ಕೂ ಬೇಕು. ದಿನಕ್ಕೆ ಎರಡು ಮಿಲಿಗ್ರಾಂ ಆಸುಪಾಸು ಸಾಕು. ಜೋಳದ ರೊಟ್ಟಿ, ಅನ್ನ, ಬೇಳೆ, ಸೊಪ್ಪು, ಚಹಾದಿಂದಲೇ ಅದು ಧಾರಾಳವಾಗಿ ಸಿಗುತ್ತದೆ. ಊಟದಲ್ಲಿ ಸ್ವಲ್ಪ ಹೆಚ್ಚು ಬಂದರೂ ಆರೋಗ್ಯವಂತ ವಯಸ್ಕರು ಹೆದರಬೇಕಿಲ್ಲ. ಕರುಳು ಅದರಲ್ಲಿ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಹೀರುವುದಿಲ್ಲ. ಹೀರಿದ್ದರಲ್ಲೂ ಬೇಡವಾದದ್ದನ್ನು ಯಕೃತ್ತು ಪಿತ್ತರಸದ ಜೊತೆ ಹೊರಗೆ ಕಳಿಸುತ್ತದೆ.

ಉಸಿರಿನಲ್ಲಿ ಒಳಹೋದದ್ದಕ್ಕೆ ಈ ಎರಡೂ ತಡೆಗಳಿಲ್ಲ. ಶ್ವಾಸಕೋಶದಿಂದ ಅದು ನೇರ ರಕ್ತಕ್ಕೆ ಸೇರುತ್ತದೆ, ಯಕೃತ್ತಿಗೆ ಸಿಗುವ ಮೊದಲೇ ಮಿದುಳು ಮುಟ್ಟುತ್ತದೆ. ಅತಿ ಸಣ್ಣ ಕಣಗಳು ಮೂಗಿನ ವಾಸನೆಯ ನರದ ಗುಂಟವೇ ಮಿದುಳಿಗೆ ಸಾಗಬಲ್ಲವು ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಹಾಗಾಗಿ ತಟ್ಟೆಯಲ್ಲಿ ನಿರುಪದ್ರವಿಯಾದ ಪ್ರಮಾಣ ಗಾಳಿಯಲ್ಲಿ ಅಪಾಯಕಾರಿಯಾಗುತ್ತದೆ.

ಇದು ಹೊಸ ತಿಳಿವಳಿಕೆಯೇನಲ್ಲ. 1837ರಲ್ಲಿ ಗ್ಲಾಸ್ಗೋದ ವೈದ್ಯ ಜಾನ್ ಕೂಪರ್ ಅಲ್ಲಿನ ಬ್ಲೀಚಿಂಗ್ ಪೌಡರ್ ಕಾರ್ಖಾನೆಯಲ್ಲಿ ಮ್ಯಾಂಗನೀಸ್ ಅದಿರನ್ನು ಅರೆಯುತ್ತಿದ್ದ ಕಾರ್ಮಿಕರ ಕಾಯಿಲೆಯನ್ನು ಬರೆದಿಟ್ಟ. ಕಾಲಲ್ಲಿ ಬಲವಿಲ್ಲ, ನಡೆದರೆ ಮುಂದಕ್ಕೆ ಮುಗ್ಗರಿಸುತ್ತಾರೆ, ಮಾತು ಪಿಸುಮಾತಾಗಿದೆ, ಬಾಯಿಂದ ಜೊಲ್ಲು ಸೋರುತ್ತದೆ. ಮುಂದಿನ ಶತಮಾನದಲ್ಲಿ ಚಿಲಿ, ಮೊರೊಕ್ಕೊ ದೇಶಗಳ ಗಣಿಗಳಿಂದಲೂ ಇಂಥದೇ ವರದಿಗಳು ಬಂದವು. ಅಲ್ಲಿ ಮೊದಲು ಬದಲಾಗುತ್ತಿದ್ದದ್ದು ಸ್ವಭಾವ. ಕಾರಣವಿಲ್ಲದ ನಗು, ಕಾರಣವಿಲ್ಲದ ಅಳು, ಜಗಳ, ಇಲ್ಲದ್ದು ಕಂಡಂತಾಗುವುದು. ಚಿಲಿಯ ಗಣಿ ಕಾರ್ಮಿಕರಲ್ಲಿ ಇದಕ್ಕೆ ಮ್ಯಾಂಗನೀಸ್ ಹುಚ್ಚು ಎಂದೇ ಹೆಸರು ಬಿತ್ತು. ಹೀಗೆ ತಿಂಗಳುಗಳು ಕಳೆದ ಮೇಲೆ ಮುಖದಲ್ಲಿ ಭಾವ ಮಾಯವಾಗಿ, ತುದಿಗಾಲಲ್ಲಿ ಮೊಣಕೈ ಮಡಚಿಕೊಂಡು ನಡೆಯುವ ವಿಚಿತ್ರ ನಡಿಗೆ ಬರುತ್ತದೆ. ರೋಗಿಯನ್ನು ಎದ್ದು ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಯಿರಿ ಎಂದರೆ ಗೊತ್ತಾಗುತ್ತದೆ: ಮುಂದಕ್ಕೆ ಹೇಗೋ ಬಂದವರು ಹಿಂದಕ್ಕೆ ಕಾಲಿಡುತ್ತಲೇ ಬಿದ್ದುಬಿಡುತ್ತಾರೆ.

ನೋಡಿದವರು ಇದನ್ನು ಪಾರ್ಕಿನ್ಸನ್ ಕಾಯಿಲೆ ಎಂದುಕೊಳ್ಳುವುದು ಸಹಜ. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳು ಸಾಯುತ್ತವೆ. ಲೆವೊಡೋಪಾ ಮಾತ್ರೆಯಿಂದ ರೋಗಿಗೆ ವರ್ಷಗಟ್ಟಲೆ ಆಸರೆ ಸಿಗುತ್ತದೆ. ಮ್ಯಾಂಗನೀಸ್ ಮುಖ್ಯವಾಗಿ ಕೂಡಿಕೊಳ್ಳುವುದು ಮಿದುಳಿನ ಆಳದಲ್ಲಿರುವ ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗದಲ್ಲಿ. ಎಂಆರ್‌ಐ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಇಲ್ಲಿ ಲೆವೊಡೋಪಾ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ತೈವಾನ್‌ನ ಒಂದು ಫೆರೋ ಮ್ಯಾಂಗನೀಸ್ ಕಾರ್ಖಾನೆಯಲ್ಲಿ 1980ರ ದಶಕದಲ್ಲಿ ಹೊಗೆ ಹೀರುವ ವ್ಯವಸ್ಥೆ ಕೆಲವು ತಿಂಗಳು ಕೆಟ್ಟು ನಿಂತಿತ್ತು. ಕುಲುಮೆಯ ಹತ್ತಿರ ದುಡಿಯುತ್ತಿದ್ದ 6 ಮಂದಿಗೆ ಈ ಕಾಯಿಲೆ ಬಂತು. ಅವರನ್ನು ಆ ಕೆಲಸದಿಂದ ಬಿಡಿಸಲಾಯಿತು. ರಕ್ತದಲ್ಲಿನ ಮ್ಯಾಂಗನೀಸ್ ಇಳಿಯಿತು, ಎಂಆರ್‌ಐ ಚಿತ್ರ ಸರಿಹೋಯಿತು. ನಡಿಗೆ ಮಾತ್ರ ಮುಂದಿನ ಹತ್ತು ವರ್ಷಗಳಲ್ಲಿ ಇನ್ನಷ್ಟು ಹದಗೆಟ್ಟಿತು. ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ ಸಂಗತಿ. ಹೊಗೆ ಕುಡಿದದ್ದು ಕೆಲವೇ ತಿಂಗಳು, ಹೋದದ್ದು ಜೀವನದ ಉಳಿದ ಭಾಗವೆಲ್ಲ.

ಈಗಿನ ಕಾರ್ಖಾನೆಗಳಲ್ಲಿ ಗ್ಲಾಸ್ಗೋದಂಥ ಪ್ರಮಾಣ ಇಲ್ಲದಿರಬಹುದು. ಆದರೆ ಕಳೆದ ಇಪ್ಪತ್ತು ವರ್ಷಗಳ ಸಂಶೋಧನೆ ಗಮನ ಸೆಳೆದಿರುವುದು ತೀರಾ ಸಣ್ಣ ಪ್ರಮಾಣಗಳತ್ತ, ಅದರಲ್ಲೂ ಮಕ್ಕಳತ್ತ. 2006ರಲ್ಲಿ ಬಾಂಗ್ಲಾದೇಶದ ಅರೈಹಜಾರ್‌ನ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಕೊಳವೆಬಾವಿಯ ನೀರಿನಲ್ಲಿ ಮ್ಯಾಂಗನೀಸ್ ಹೆಚ್ಚಿದ್ದಷ್ಟೂ ಬುದ್ಧಿಶಕ್ತಿಯ ಅಂಕ ಕಡಿಮೆ ಇತ್ತು. 2011ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ 362 ಮಕ್ಕಳ ಅಧ್ಯಯನ ನಡೆಯಿತು. ನೀರಿನಲ್ಲಿ ಅತಿ ಹೆಚ್ಚು ಮ್ಯಾಂಗನೀಸ್ ಇದ್ದ ಮನೆಗಳ ಮಕ್ಕಳಿಗೂ ಅತಿ ಕಡಿಮೆ ಇದ್ದ ಮನೆಗಳ ಮಕ್ಕಳಿಗೂ ಐಕ್ಯೂನಲ್ಲಿ ಸರಾಸರಿ 6 ಅಂಕಗಳ ವ್ಯತ್ಯಾಸ ಕಂಡಿತು. ಅಮೆರಿಕದ ಓಹಾಯೋ ರಾಜ್ಯದ ಮ್ಯಾರಿಯೆಟ್ಟಾ ನಮಗೆ ಇನ್ನೂ ಹತ್ತಿರದ ಊರು; ವ್ಯಾಸನಕೆರೆಯ ಹಾಗೆ ಅಲ್ಲಿಯೂ ಮ್ಯಾಂಗನೀಸ್ ಮಿಶ್ರಲೋಹದ ಕುಲುಮೆ ಇದೆ. ಆ ಊರಿನ 7ರಿಂದ 9 ವರ್ಷದ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೈಯಲ್ಲಿ ಮ್ಯಾಂಗನೀಸ್ ತೀರಾ ಹೆಚ್ಚಿದ್ದವರ ಅಂಕವೂ ತೀರಾ ಕಡಿಮೆ ಇದ್ದವರ ಅಂಕವೂ ನಡುವಿನವರಿಗಿಂತ ಕೆಳಗಿತ್ತು. ಮಿದುಳು ಎರಡೂ ಅತಿಗಳನ್ನು ಒಪ್ಪುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಗಣಿ ಇರುವ ಊರಿನ ಎಲ್ಲ ನರರೋಗವನ್ನೂ ಗಣಿಯ ತಲೆಗೆ ಕಟ್ಟಲಾಗದು. ಆಸ್ಟ್ರೇಲಿಯಾದ ಗ್ರೂಟ್ ಐಲ್ಯಾಂಡ್ ದ್ವೀಪದಲ್ಲಿ ದೊಡ್ಡ ಮ್ಯಾಂಗನೀಸ್ ಗಣಿಯಿದೆ. ಅಲ್ಲಿನ ಮೂಲನಿವಾಸಿ ಕುಟುಂಬಗಳಲ್ಲಿ ಕಂಡ ನಡಿಗೆಯ ತೊಂದರೆಗೆ ಮೊದಲು ಮ್ಯಾಂಗನೀಸೇ ಕಾರಣ ಎಂದು ಶಂಕಿಸಿದ್ದರು. ಕೊನೆಗೆ ಅದು ಮಚಾಡೋ ಜೋಸೆಫ್ ಎಂಬ ವಂಶಪಾರಂಪರ್ಯ ಕಾಯಿಲೆ ಎಂದು ಗೊತ್ತಾಯಿತು. ಆದ್ದರಿಂದಲೇ ನಮ್ಮಲ್ಲಿ ಊಹೆಗಿಂತ ಅಳತೆ ಮೊದಲು ಆಗಬೇಕು ಎನ್ನುತ್ತಿದ್ದೇನೆ.

ಸಂಡೂರು, ಹೊಸಪೇಟೆಯ ಸೀಮೆಯಲ್ಲಿ ಅಪಾಯವನ್ನು ಹೆಚ್ಚಿಸುವ ಒಂದು ಕಾರಣ ಗಣಿಯಲ್ಲಿ ಇಲ್ಲ, ನಮ್ಮ ರಕ್ತದಲ್ಲಿದೆ. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ಬಿಡುವ ಪ್ರೋಟೀನೇ ಮ್ಯಾಂಗನೀಸನ್ನೂ ಬಿಡುತ್ತದೆ. ರಕ್ತದಲ್ಲಿ ಕಬ್ಬಿಣ ಸಾಲದಾದಾಗ ದೇಹ ಈ ಬಾಗಿಲನ್ನು ಅಗಲವಾಗಿ ತೆರೆದಿಡುತ್ತದೆ. ಕಾದದ್ದು ಕಬ್ಬಿಣಕ್ಕೆ, ಒಳಬರುವುದು ಮ್ಯಾಂಗನೀಸ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣದ ಗುಡ್ಡದ ಕೆಳಗೆ ಹುಟ್ಟಿದ ಮಗುವಿನ ರಕ್ತದಲ್ಲೇ ಕಬ್ಬಿಣವಿಲ್ಲ. ಹಸುಗೂಸುಗಳ ವಿಷಯ ಇನ್ನೂ ಸೂಕ್ಷ್ಮ, ಏಕೆಂದರೆ ಅವುಗಳಲ್ಲಿ ಪಿತ್ತರಸದ ಮೂಲಕ ಹೊರಹಾಕುವ ಶಕ್ತಿ ಪೂರ್ತಿ ಬೆಳೆದಿರುವುದಿಲ್ಲ. ಎದೆಹಾಲಿನಲ್ಲಿ ಮ್ಯಾಂಗನೀಸ್ ಅತ್ಯಲ್ಪ. ಡಬ್ಬಿ ಹಾಲಿನ ಪುಡಿಯನ್ನು ಬೋರ್‌ವೆಲ್ ನೀರಿನಲ್ಲಿ ಕಲಸಿ ಬಾಟಲಿಯಲ್ಲಿ ಕುಡಿಸಿದರೆ ಆ ಲೆಕ್ಕ ಬುಡಮೇಲಾಗುತ್ತದೆ. ದೊಡ್ಡವರಲ್ಲಿ ಕುಡಿತದಿಂದ ಯಕೃತ್ತು ಕೆಟ್ಟವರಿಗೂ ಇದೇ ಅಪಾಯ. ಯಕೃತ್ತು ಗಟ್ಟಿಯಾದ ರೋಗಿಗಳ ಎಂಆರ್‌ಐನಲ್ಲಿ, ಗಣಿಯ ಮುಖವನ್ನೇ ನೋಡದಿದ್ದರೂ, ಅದೇ ಬಿಳಿ ಹೊಳಪು ಕಾಣುತ್ತದೆ.

ಮ್ಯಾಂಗನೀಸ್ ಮೈ ಸೇರುವ ದಾರಿಗಳೂ ಒಂದೆರಡಲ್ಲ. ಹೊಸಪೇಟೆಯಲ್ಲಿ ಲಾರಿ ರಿಪೇರಿ ಮಾಡುವ ಯಾವುದೇ ಗ್ಯಾರೇಜಿನ ಮುಂದೆ ಹತ್ತು ನಿಮಿಷ ನಿಲ್ಲಿ. ವೆಲ್ಡಿಂಗ್ ಹುಡುಗ ಕಣ್ಣಿಗೆ ಕಪ್ಪು ಗಾಜು ಹಿಡಿದಿರುತ್ತಾನೆ, ಮೂಗಿಗೆ ಏನೂ ಇರುವುದಿಲ್ಲ. ಟಿಪ್ಪರಿನ ಡಬ್ಬಿಯೊಳಗೆ ಕೂತು ವೆಲ್ಡ್ ಮಾಡುವಾಗ ಹೊಗೆಗೆ ಹೊರಹೋಗಲು ಜಾಗವಿಲ್ಲ. ಅದು ಅವನ ಮುಖದ ಮುಂದೆಯೇ ಸುತ್ತುತ್ತದೆ. ವೆಲ್ಡಿಂಗ್ ಕಡ್ಡಿಯಲ್ಲೂ ಉಕ್ಕಿನಲ್ಲೂ ಮ್ಯಾಂಗನೀಸ್ ಇದೆ, ಅದು ಆವಿಯಾಗಿ ಅತಿ ನವಿರಾದ ಕಣಗಳಾಗುತ್ತದೆ. ಅಮೆರಿಕದಲ್ಲಿ 886 ವೆಲ್ಡರುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು, ಹೊಗೆ ಕುಡಿದ ಪ್ರಮಾಣ ಹೆಚ್ಚಿದಂತೆ ಪಾರ್ಕಿನ್ಸನ್‌ನಂಥ ಲಕ್ಷಣಗಳೂ ಹೆಚ್ಚುತ್ತ ಹೋದದ್ದನ್ನು ತೋರಿಸಿತು. ಟೋಪಿಯಂತೆ ತಲೆಗೆ ಸಿಕ್ಕಿಸುವ ಗುರಾಣಿ ಕಣ್ಣನ್ನು ಕಾಯುತ್ತದೆ, ಶ್ವಾಸವನ್ನಲ್ಲ.

ಹಂಪಿ, ಕಮಲಾಪುರದ ಬಾಳೆ ತೋಟಗಳಲ್ಲಿ ಮ್ಯಾಂಗನೀಸ್ ಬೇರೆ ರೂಪದಲ್ಲಿದೆ. ರೈತರು ಎಂ-45 ಎಂದು ಕರೆಯುವ ಹಳದಿ ಪುಡಿ ಮ್ಯಾಂಕೋಜೆಬ್, ಎಲೆಚುಕ್ಕೆ ರೋಗಕ್ಕೆ ಸಿಂಪಡಿಸುವ ಶಿಲೀಂಧ್ರನಾಶಕ; ಅದರ ರಚನೆಯಲ್ಲೇ ಮ್ಯಾಂಗನೀಸ್ ಸೇರಿದೆ. ಕೋಸ್ಟರಿಕಾದ ಮಟೀನಾ ಪ್ರದೇಶದಲ್ಲಿ ಬಾಳೆ ತೋಟಗಳ ಮೇಲೆ ವಿಮಾನದಿಂದ ಮ್ಯಾಂಕೋಜೆಬ್ ಸಿಂಪಡಿಸುತ್ತಾರೆ. ತೋಟಕ್ಕೆ ಹತ್ತಿರವಿದ್ದ ಗರ್ಭಿಣಿಯರ ಕೂದಲಿನಲ್ಲಿ ಮ್ಯಾಂಗನೀಸ್ ಹೆಚ್ಚು ಕಂಡಿತು. ಇತರ ಕಾರಣಗಳಿಗಾಗಿ ಐರೋಪ್ಯ ಒಕ್ಕೂಟ 2020ರಲ್ಲಿ ಇದರ ಪರವಾನಗಿ ನವೀಕರಿಸಲು ನಿರಾಕರಿಸಿತು. ನಮ್ಮಲ್ಲಿ ಬೆನ್ನಿಗೆ ಕ್ಯಾನು ಹೊತ್ತು ಬರಿಗೈಯಲ್ಲಿ ಪುಡಿ ಕಲಸುವುದು ಇನ್ನೂ ನಡೆದಿದೆ.

ಕಂಪ್ಲಿಯ ಕಡೆ ಪ್ರಶ್ನೆ ನೀರಿನದು. ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಮಣ್ಣಿನಲ್ಲಿ ಆಮ್ಲಜನಕ ಮುಗಿಯುತ್ತದೆ. ಗಟ್ಟಿಯಾಗಿ ಕೂತಿದ್ದ ಮ್ಯಾಂಗನೀಸ್ ಆಗ ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಿ ಕೆಳಗೆ ಇಳಿಯಬಲ್ಲದು. ಬೋರ್‌ವೆಲ್‌ನಿಂದ ಎತ್ತಿದಾಗ ನೀರು ತಿಳಿಯಾಗೇ ಇರುತ್ತದೆ. ಗಾಳಿ ತಾಗಿದ ಮೇಲೆ ಕೊಡದ ಒಳಗೆ, ಸಿಂಟೆಕ್ಸ್ ಟ್ಯಾಂಕಿನ ತಳದಲ್ಲಿ ಕಂದುಗಪ್ಪು ಪದರ ಕಟ್ಟುತ್ತದೆ, ಬಿಳಿ ಬಟ್ಟೆಗೆ ಕಲೆ ಹಿಡಿಯುತ್ತದೆ. ಆ ಕಲೆ ಕಂಡವರು ನೀರನ್ನು ಪರೀಕ್ಷೆಗೆ ಕಳಿಸಬೇಕು. ಕುದಿಸಿದರೆ ಮ್ಯಾಂಗನೀಸ್ ಹೋಗುವುದಿಲ್ಲ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕ ಅದನ್ನು ತೆಗೆಯುತ್ತದೆ, ಫಿಲ್ಟರ್ ಕಾಲಕಾಲಕ್ಕೆ ಬದಲಿಸಿದ್ದರೆ.

ಈಗ ಅಳತೆಯ ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ಹೊರಡಿಸಿದ ವಾಯು ಗುಣಮಟ್ಟದ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ. ಸೀಸ, ಆರ್ಸೆನಿಕ್, ನಿಕ್ಕಲ್ ಇವೆ, ಮ್ಯಾಂಗನೀಸ್ ಇಲ್ಲ. ಹಾಗಾಗಿ ಆ ಮಾನದಂಡದಂತೆ ಗಾಳಿ ಅಳೆದಾಗ ಧೂಳೆಷ್ಟು ಎಂದು ತಿಳಿಯುತ್ತದೆ, ಆ ಧೂಳಿನಲ್ಲಿ ಮ್ಯಾಂಗನೀಸ್ ಎಷ್ಟು ಎಂದು ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಾಳಿಯಲ್ಲಿ ವರ್ಷದ ಸರಾಸರಿ ಘನ ಮೀಟರಿಗೆ 0.15 ಮೈಕ್ರೋಗ್ರಾಂ ಮೀರಬಾರದು ಎಂದು 2000ದಲ್ಲೇ ಸೂಚಿಸಿತ್ತು. ಕುಡಿಯುವ ನೀರಿನಲ್ಲಿ ನಮ್ಮ ಐಎಸ್ 10500 ಮಾನಕ ಲೀಟರಿಗೆ 0.1 ಮಿಲಿಗ್ರಾಂ ಎನ್ನುತ್ತದೆ, ಬೇರೆ ನೀರಿಲ್ಲದಿದ್ದರೆ 0.3ರವರೆಗೂ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಬಾಟಲಿ ಹಾಲು ಕುಡಿಯುವ ಕೂಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈಚೆಗೆ 0.08ಕ್ಕೆ ಇಳಿಸಿದೆ. ಅಂದರೆ 0.25 ಮಿಲಿಗ್ರಾಂ ಇರುವ ನೀರು ಬೇರೆ ಮೂಲವಿಲ್ಲದ ಹಳ್ಳಿಯಲ್ಲಿ ಕಾಗದದ ಮೇಲೆ ಯೋಗ್ಯ, ಆ ಕೂಸಿನ ಪಾಲಿಗೆ ಮೂರು ಪಟ್ಟು ಹೆಚ್ಚು.

ಇನ್ನೊಂದೆಡೆ ಗಣಿಗಾರಿಕೆ ಏರುತ್ತಿದೆ. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಭಾಗದ ಕಬ್ಬಿಣದ ಅದಿರಿನ ವಾರ್ಷಿಕ ಮಿತಿಯನ್ನು 2.8 ಕೋಟಿ ಟನ್‌ನಿಂದ 3.5 ಕೋಟಿ ಟನ್‌ಗೆ ಏರಿಸಿತು. ಹೆಚ್ಚು ಲಾರಿ, ಹೆಚ್ಚು ಉಕ್ಕು, ಅದಕ್ಕೆ ಹೆಚ್ಚು ಮ್ಯಾಂಗನೀಸ್. ಇಂದು ಅಂಗನವಾಡಿಯಲ್ಲಿ ಕೂತಿರುವ ಮಗುವಿನ ಮಿದುಳಿನ ಮೇಲೆ ಇದರ ಪರಿಣಾಮ ಆದರೆ, ಅದು ಹತ್ತು ವರ್ಷದ ನಂತರ ಲೆಕ್ಕ ಬಾರದ, ಗಮನ ನಿಲ್ಲದ ವಿದ್ಯಾರ್ಥಿಯಾಗಿ ಕಾಣಿಸಿಕೊಳ್ಳುತ್ತದೆ. ಆಗ ಯಾರೂ ಅದನ್ನು ಕಾಯಿಲೆ ಎನ್ನುವುದಿಲ್ಲ, ದಡ್ಡತನ ಎನ್ನುತ್ತಾರೆ.

ಹಣದ ಕೊರತೆ ಇಲ್ಲಿ ನೆಪವಾಗಲಾರದು. ಗಣಿ ಬಾಧಿತ ಊರುಗಳ ಕುಡಿಯುವ ನೀರಿಗೂ ಆರೋಗ್ಯಕ್ಕೂ ಮೊದಲ ಆದ್ಯತೆ ಕೊಡಬೇಕಾದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಆ ದುಡ್ಡಿನಲ್ಲಿ ಸಂಡೂರಿನಿಂದ ವ್ಯಾಸನಕೆರೆಯವರೆಗೆ ಗಾಳಿಯ ಧೂಳಿನಲ್ಲಿನ ಮ್ಯಾಂಗನೀಸ್ ಅಳೆಯಬಹುದು. ಪ್ರತಿ ಶಾಲೆಯ, ಅಂಗನವಾಡಿಯ ನೀರನ್ನು ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಮತ್ತು ಮಳೆಯ ನಂತರ ಪರೀಕ್ಷಿಸಬಹುದು. ಅಲ್ಲಿಯವರೆಗೆ ಕಾಯದೆ ಮಾಡಬಹುದಾದದ್ದು ಮಕ್ಕಳಿಗೂ ಗರ್ಭಿಣಿಯರಿಗೂ ಕೊಡುವ ಕಬ್ಬಿಣದ ಮಾತ್ರೆ ಮತ್ತು ಟಾನಿಕ್ ತಪ್ಪದಂತೆ ನೋಡಿಕೊಳ್ಳುವುದು. ಈ ಸೀಮೆಯಲ್ಲಿ ಅದು ರಕ್ತಕ್ಕೆ ಮಾತ್ರವಲ್ಲ, ಮಿದುಳಿಗೂ ರಕ್ಷಣೆ.

ವೈದ್ಯರ ಹೊಣೆಯನ್ನು ಕಾನೂನೇ ಬರೆದಿಟ್ಟಿದೆ. 1948ರ ಕಾರ್ಖಾನೆ ಕಾಯ್ದೆ, 1952ರ ಗಣಿ ಕಾಯ್ದೆಗಳ ಕಾಲದಿಂದಲೂ ಮ್ಯಾಂಗನೀಸ್ ವಿಷಬಾಧೆ ಅಧಿಸೂಚಿತ ರೋಗ. ಕಂಡ ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕು. ವರದಿ ಆಗಬೇಕಾದರೆ ಮೊದಲು ಅನುಮಾನ ಬರಬೇಕು. ನಲವತ್ತರ ಆಸುಪಾಸಿನ ಗಂಡಸು ಸಂಡೂರು ಅಥವಾ ಹೊಸಪೇಟೆಯ ಆಸ್ಪತ್ರೆಗೆ ಬಂದು ಕಾಲು ತಡವರಿಸುತ್ತದೆ, ಮಾತು ಸಣ್ಣಗಾಗಿದೆ ಎಂದರೆ, ಮಾತ್ರೆ ಬರೆಯುವ ಮೊದಲು ಏನು ಕೆಲಸ ಮಾಡುತ್ತಿದ್ದೀಯಪ್ಪ, ಎಷ್ಟು ವರ್ಷ ಮಾಡಿದ್ದೀಯ ಎಂದು ಕೇಳಿ, ಅವನನ್ನು ಒಮ್ಮೆ ಹಿಂದಕ್ಕೆ ನಡೆಸಿ ನೋಡಬೇಕು.