ಬೆನ್ನೊಳಗೆ ಚಿಟ್ಟೆ, ಬಾಯೊಳಗೆ ಅಯಸ್ಕಾಂತ

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬಿರುಗಾಳಿ ಅಡಗಿದ ಮರುದಿನ ತಿರುಗಾಡಹೋದವರಿಗೆ ಒಮ್ಮೊಮ್ಮೆ ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದ ಬಿಳಿಯ ಚಿಪ್ಪು ದೊರೆಯುವುದುಂಟು. ಇಷ್ಟು ಚೆಲುವಾದ ಚಿಪ್ಪಿನ ಒಡೆಯ ಎಂತಹ ಸುಂದರಾಂಗನೋ ಎಂದು ಹುಡುಕಹೊರಟವರಿಗೆ ಮಾತ್ರ ನಿರಾಸೆಯೇ ಸರಿ. ಬಂಡೆಯ ಬುಡದಲ್ಲಿ ಸವೆದ ರಬ್ಬರಿನ ತುಂಡಿನಂತೆ ಬಿದ್ದಿರುವ ಇಟ್ಟಿಗೆಗೆಂಪಿನ ಮುದ್ದೆಯೇ ಆ ಒಡೆಯ! ಅಲ್ಲಿನ ಜನ ಅದನ್ನು ‘ಗಂಬೂಟು ಕೈಟನ್’ ಎನ್ನುತ್ತಾರೆ.

ಬಸವನಹುಳು, ಸಿಂಪಿ, ಅಷ್ಟಪದಿಗಳಂತೆ ಕೈಟನ್ನೂ ಮೃದ್ವಂಗಿಗಳ ವಂಶದ್ದೇ. ಬೆನ್ನ ಮೇಲೆ ಸಾಲಾಗಿ ಎಂಟು ಫಲಕಗಳಿರುವುದರಿಂದ ಇವುಗಳಿಗೆ ‘ಬಹುಫಲಕಿ’ಗಳೆಂಬ ಪ್ರತ್ಯೇಕ ವರ್ಗವುಂಟು. ಉಳಿದ ಕೈಟನ್‌ಗಳ ಫಲಕಗಳು ಹೊರಗೆ ಕಾಣುತ್ತವೆ. ಇದರಲ್ಲಾದರೋ ತೊಗಲಿನಂತಹ ದಪ್ಪ ಹೊದಿಕೆ ಎಂಟನ್ನೂ ಮುಚ್ಚಿಬಿಟ್ಟಿದೆ. ಪ್ರಾಣಿ ಸತ್ತು ಮೈ ಕೊಳೆತ ಮೇಲೆಯೇ ಆ ಚಿಟ್ಟೆಗಳಿಗೆ ಬಿಡುಗಡೆ.

1847ರಲ್ಲಿ ಮಿಡೆನ್‌ಡಾರ್ಫ್ ಎಂಬ ಪ್ರಾಣಿಶಾಸ್ತ್ರಜ್ಞ ಇದನ್ನು ವರ್ಣಿಸಿದ. ‘ಕ್ರಿಪ್ಟೋಕೈಟನ್ ಸ್ಟೆಲ್ಲೆರಿ’ ಎಂಬುದು ಇದರ ಶಾಸ್ತ್ರೀಯ ನಾಮ. ಮೊದಲ ಪದಕ್ಕೆ ‘ಗುಪ್ತ ಕೈಟನ್’ ಎಂದರ್ಥ. ಎರಡನೆಯದು ಬೇರಿಂಗನ ನೌಕಾಯಾನದಲ್ಲಿ ಜೊತೆಗಿದ್ದ ಪ್ರಕೃತಿತಜ್ಞ ಸ್ಟೆಲ್ಲರನ ನೆನಪು. ಹೊರರೂಪವನ್ನು ನಂಬಿ ವಿದ್ವಾಂಸರು ಇದನ್ನು ಬಹುಕಾಲ ಬೇರೊಂದು ಕುಟುಂಬಕ್ಕೆ ಸೇರಿಸಿದ್ದರು. ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಇದರ ನಿಕಟ ಬಂಧುಗಳು ‘ಮೊಪಾಲಿಯ’ ಎಂಬ ಕೈಟನ್‌ಗಳೆಂದು ತಿಳಿದುಬಂತು.

ಕ್ಯಾಲಿಫೋರ್ನಿಯದಿಂದ ಅಲಾಸ್ಕ, ಕಮ್ಚಾಟ್ಕಗಳನ್ನು ಬಳಸಿ ಉತ್ತರ ಜಪಾನಿನವರೆಗೆ ಇದರ ನೆಲೆ ಹಬ್ಬಿದೆ. ಒಂದಡಿಗೂ ಮಿಕ್ಕಿ ಉದ್ದ, ಎರಡು ಕಿಲೋಗ್ರಾಂವರೆಗೆ ತೂಕ ಬೆಳೆಯುವ ಇದೇ ಕೈಟನ್‌ಗಳಲ್ಲೆಲ್ಲ ದೊಡ್ಡದು. ತಲೆಯಲ್ಲಿ ಕಣ್ಣಿಲ್ಲ. ಆತುರವೆಂಬುದಂತೂ ಮೊದಲೇ ಇಲ್ಲ. ಬಂಡೆಗಳ ಮೇಲೆ ತೆವಳುತ್ತ ಕೆಂಪು ಪಾಚಿಯನ್ನು ಮೇಯುವುದೇ ಇದರ ಬದುಕು.

ಕಲ್ಲಿಗಂಟಿದ ಪಾಚಿಯನ್ನು ಕೆರೆಯಲು ಮೆತ್ತನೆಯ ಹಲ್ಲು ಸಾಲದು. ಇದರ ನಾಲಗೆಯ ಮೇಲೆ ಅರದಂತೆ ಹಲ್ಲುಗಳ ಸಾಲುಗಳಿವೆ. ಪ್ರತಿ ಸಾಲಿನಲ್ಲಿಯೂ ಒಂದು ಜೊತೆ ಹಲ್ಲಿಗೆ ಮ್ಯಾಗ್ನೆಟೈಟ್, ಎಂದರೆ ಅಯಸ್ಕಾಂತ ಶಿಲೆಯ ಲೇಪವಿದೆ! ಭೂಗರ್ಭದ ತಾಪ, ಒತ್ತಡಗಳಲ್ಲಿ ಮಾತ್ರ ಹುಟ್ಟುವುದೆಂದು ಭಾವಿಸಿದ್ದ ಈ ಖನಿಜವನ್ನು ಕೈಟನ್‌ಗಳ ಹಲ್ಲಿನಲ್ಲಿ ಹೈಂಜ್ ಲೋವೆನ್‌ಸ್ಟಾಮ್ 1962ರಲ್ಲಿ ತೋರಿಸಿಕೊಟ್ಟರು. ನಮ್ಮ ಹಲ್ಲಿನ ಹೊರಕವಚಕ್ಕಿಂತಲೂ ಅದು ಗಡುಸು. ಮುಂದಿನ ಹಲ್ಲು ಸವೆದು ಉದುರಿದಂತೆಲ್ಲ ಹಿಂದಿನಿಂದ ಹೊಸ ಸಾಲು ಮುಂದೆ ಸರಿಯುತ್ತದೆ. 2021ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಹಲ್ಲುಗಳ ಬುಡದಲ್ಲಿ, ಅದುವರೆಗೆ ಕಲ್ಲಿನಲ್ಲಷ್ಟೇ ಕಂಡಿದ್ದ ‘ಸಾಂಟಬಾರ್ಬರೈಟ್’ ಎಂಬ ಇನ್ನೊಂದು ಕಬ್ಬಿಣದ ಖನಿಜವನ್ನು ಕಂಡರು. ಗಟ್ಟಿಯಾಗಿದ್ದೂ ಹಗುರವಾದ ವಸ್ತುಗಳನ್ನು ತಯಾರಿಸಲು ಅದು ದಾರಿ ತೋರಿಸುತ್ತಿದೆ.

ಸ್ಟೆಲ್ಲರ್ 1741ರಲ್ಲಿ ಕಂಡ, ಅವನ ಹೆಸರನ್ನೇ ಹೊತ್ತ ಕಡಲಹಸು ಬೇಟೆಗಾರರಿಗೆ ಬಲಿಯಾಗಿ 1768ರ ವೇಳೆಗೆ ನಾಮಾವಶೇಷವಾಯಿತು. ಅದರ ಮೈಯನ್ನು ಸಾವಧಾನವಾಗಿ ಪರೀಕ್ಷಿಸುವ ಅವಕಾಶವೇ ಮುಂದಿನವರಿಗೆ ಉಳಿಯಲಿಲ್ಲ. ಅದೇ ಹೆಸರಿನ ಈ ಮುದ್ದೆ ಮಾತ್ರ ಬಂಡೆಯ ಮರೆಯಲ್ಲಿ ಉಳಿದುಕೊಂಡಿತು. ಉಳಿದುದರಿಂದಲೇ, ನೂರಾರು ವರ್ಷ ಬಾಯೊಳಗಿಟ್ಟುಕೊಂಡಿದ್ದ ಗುಟ್ಟನ್ನು ನಮಗೆ ತಿಳಿಸಿತು.